ಅರಸರಿಲ್ಲದ ಅರಮನೆಗಳ ಸುತ್ತ

ಅರಮನೆ ಕಟ್ಟಿಸಿದವರಿಗೆ ಅದರಲ್ಲಿ ಇರುವ ಯೋಗ ಕಡಿಮೆ. ಫ್ರಾನ್ಸಿನ ಲ್ವಾರ್ ನದಿಯ ಸೀಮೆಯಲ್ಲಿ ದೊರೆ ಮೊದಲನೇ ಫ್ರಾನ್ಸ್ವಾ 1519ರಲ್ಲಿ ಶಾಂಬೋರ್ ಅರಮನೆಯ ಕೆಲಸ ಶುರು ಮಾಡಿಸಿದ. ನಾನೂರಕ್ಕೂ ಹೆಚ್ಚು ಕೋಣೆ, 282 ಅಗ್ಗಿಷ್ಟಿಕೆ, 77 ಮೆಟ್ಟಿಲುಸಾಲು. 32 ವರ್ಷ ರಾಜ್ಯವಾಳಿದವನು ಅಲ್ಲಿ ತಂಗಿದ್ದು ಎಲ್ಲ ಸೇರಿಸಿದರೂ ಎರಡೂವರೆ ತಿಂಗಳು ದಾಟುವುದಿಲ್ಲ.

*

282 ಅಗ್ಗಿಷ್ಟಿಕೆ ಅಂದಾಗ ನಮಗೆ ಕಾಣುವುದು ವೈಭವ. ಜನವರಿಯಲ್ಲಿ ಆ ಹಜಾರಗಳಲ್ಲಿ ಹತ್ತು ನಿಮಿಷ ನಿಂತವರಿಗೆ ಕಾಣುವುದು ಚಳಿ.

*

“ಒಳಗೆ ಏನೂ ಇಲ್ಲವಲ್ಲ!” ಎಂದು ಶಾಂಬೋರ್ ನೋಡಿ ಬೇಸರಪಡುವವರಿದ್ದಾರೆ. ಆ ಕಾಲದ ಆಸ್ಥಾನ ಒಂದೆಡೆ ನೆಲೆ ನಿಲ್ಲುತ್ತಿರಲಿಲ್ಲ. ಮಂಚ, ಪರದೆ, ಗೋಡೆಗೆ ತೂಗುಹಾಕುವ ಚಿತ್ರಗಂಬಳಿ, ಪಾತ್ರೆ ಪಗಡ ಎಲ್ಲವೂ ದೊರೆಯ ಹಿಂದೆಯೇ ಗಾಡಿ ಏರುತ್ತಿದ್ದವು. ಅವನು ಹೊರಟ ಮರುದಿನ ಉಳಿಯುತ್ತಿದ್ದದ್ದು ಬರಿಗೋಡೆ. ಹಾಗಾಗಿ ಖಾಲಿ ಕೋಣೆಯೇ ಅಲ್ಲಿನ ಹಳೆಯ ನಿಜ. ಅಚ್ಚುಕಟ್ಟಾಗಿ ಜೋಡಿಸಿಟ್ಟ ಹಾಸಿಗೆ ಹೆಚ್ಚಾಗಿ ನಂತರದವರ ಏರ್ಪಾಡು.

*

ಶಾಂಬೋರ್‌ನ ನಡುವೆ ಎರಡು ಮೆಟ್ಟಿಲುಸಾಲುಗಳು ಒಂದೇ ಕಂಬದ ಸುತ್ತ ಹೆಣೆದುಕೊಂಡು ಏರುತ್ತವೆ. ಒಂದರಲ್ಲಿ ಹತ್ತುವವರಿಗೆ ಇನ್ನೊಂದರಲ್ಲಿ ಇಳಿಯುವವರು ಕಿಂಡಿಗಳ ಮೂಲಕ ಕಾಣುತ್ತಾರೆ, ಎದುರಾಗುವುದಿಲ್ಲ. ಇದು ಲಿಯೊನಾರ್ಡೊ ಡ ವಿಂಚಿಯ ಯೋಚನೆ ಎನ್ನುತ್ತಾರೆ. ಇದ್ದರೂ ಇರಬಹುದು; ಅವನು 1516ರಲ್ಲಿ ಫ್ರಾನ್ಸಿಗೆ ಬಂದು ದೊರೆಯ ಆಶ್ರಯದಲ್ಲಿದ್ದ. ಆದರೆ ಕಟ್ಟಡದ ಅಪ್ಪಣೆ ಹೊರಡುವ ಮೊದಲೇ, 1519ರ ಮೇ 2ರಂದು, ತೀರಿಕೊಂಡಿದ್ದ. ಅವನ ಕೈಬರಹದ ದಾಖಲೆಯೂ ಇಲ್ಲ. ಮೆಟ್ಟಿಲು ಚೆನ್ನಾಗಿದ್ದರೆ ಸಾಲದು, ಅದಕ್ಕೊಬ್ಬ ಹೆಸರಾಂತ ತಂದೆಯೂ ಬೇಕು ಎಂಬುದು ಪ್ರವಾಸೋದ್ಯಮದ ಹಟ.

*

ಶಾಂಬೋರ್ ಕಾಡಿನ ಸುತ್ತ 32 ಕಿಲೋಮೀಟರ್ ಗೋಡೆಯಿದೆ. ಒಳಗಿನ ಜಾಗ ಪ್ಯಾರಿಸ್ ನಗರದಷ್ಟು. ಬೇಟೆಯ ಪ್ರಾಣಿ ಹೊರಗೆ ಹೋಗಬಾರದು, ಹಳ್ಳಿಯವನು ಒಳಗೆ ಬರಬಾರದು. ಗೋಡೆಯಿಲ್ಲದ ಕಡೆ ರೈತನ ಪಾಡು ಇನ್ನೂ ಕಷ್ಟ: ಬೇಟೆ ಶ್ರೀಮಂತರ ಹಕ್ಕು, ಬೆಳೆ ಮೇಯುವ ಜಿಂಕೆಯನ್ನು ಹೊಲದ ಒಡೆಯನೂ ಹೊಡೆಯುವಂತಿರಲಿಲ್ಲ. 1789ರ ಆಗಸ್ಟ್‌ನಲ್ಲಿ ಆ ಹಕ್ಕು ರದ್ದಾಯಿತು. ಕ್ರಾಂತಿಗೆ ತತ್ವಜ್ಞಾನಿಗಳು ಕಾರಣ ಎಂದು ಓದಿಕೊಂಡಿದ್ದೇವೆ; ಜಿಂಕೆಗಳ ಪಾಲೂ ಸ್ವಲ್ಪ ಇದೆ.

*

ಅರಮನೆಯ ಗೋಡೆಯ ಕಲ್ಲಿನ ಮೇಲೆ ಬೆರಳು ಎಳೆಯಿರಿ. ಬಿಳಿ ಪುಡಿ ಅಂಟುತ್ತದೆ. ಟ್ಯೂಫೊ ಎಂಬ ಈ ಸುಣ್ಣಕಲ್ಲು ಅಷ್ಟು ಮೆದು. ಉಳಿಗೆ ಸುಲಭವಾಗಿ ಒಗ್ಗುತ್ತದೆ, ಅದಕ್ಕೇ ಕಿಟಕಿಯ ಅಂಚಿನ ಬಳ್ಳಿ, ಮಾಡಿನ ಮೇಲಿನ ಗೋಪುರ ಎಲ್ಲವೂ ಅಷ್ಟು ನಾಜೂಕು. ಅದಕ್ಕೇ ಮಳೆಗೂ ಅಷ್ಟೇ ಬೇಗ ಸವೆಯುತ್ತದೆ. ಯಾವ ಅರಮನೆಗೆ ಹೋದರೂ ಒಂದು ಮೂಲೆಯಲ್ಲಿ ಸಾರುವೆ ಕಟ್ಟಿರುತ್ತಾರೆ. ಫೋಟೊ ಹಾಳಾಯಿತು ಎಂದು ಗೊಣಗಬೇಡಿ. ಸಾರುವೆ ಇಲ್ಲದ ಅರಮನೆಯ ಬಗ್ಗೆ ಚಿಂತೆ ಮಾಡಬೇಕು.

*

ಈ ಕಲ್ಲು ಬಂದದ್ದು ನದಿಯ ದಂಡೆಯ ದಿಬ್ಬಗಳಿಂದ. ತೆಗೆದಷ್ಟೂ ದಿಬ್ಬದೊಳಗೆ ಗುಹೆ. ಸೋಮ್ಯೂರ್, ವೂವ್ರೆ ಸುತ್ತಲ ಊರುಗಳಲ್ಲಿ ಆ ಗುಹೆಗಳಿಗೆ ಬಾಗಿಲು, ಕಿಟಕಿ ಇಟ್ಟು ಜನ ತಲೆಮಾರುಗಟ್ಟಲೆ ಸಂಸಾರ ಮಾಡಿದರು. ಕೆಲವರು ಈಗಲೂ ಮಾಡುತ್ತಾರೆ. ಕೆಲವೆಡೆ ಮೇಲೆ ದ್ರಾಕ್ಷಿ ತೋಟ, ಬಳ್ಳಿಸಾಲಿನ ನಡುವೆ ನೆಲದಿಂದಲೇ ಎದ್ದ ಹೊಗೆಗೂಡು; ಕೆಳಗೆ ಯಾರದೋ ಅಡುಗೆಮನೆ. ಉಳಿದ ಗುಹೆಗಳಲ್ಲಿ ವೈನ್ ಮಾಗುತ್ತದೆ, ಅಣಬೆ ಬೆಳೆಯುತ್ತದೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ದೊರೆಗೆ 282 ಅಗ್ಗಿಷ್ಟಿಕೆ ಬೇಕಾಯಿತು; ಕಲ್ಲು ಕಡಿದವನಿಗೆ ಒಂದು ಸಾಕಾಯಿತು. ನನ್ನನ್ನು ಕೇಳಿದರೆ, ಅರಮನೆಯೊಂದನ್ನು ಬಿಟ್ಟಾದರೂ ಇಂಥ ಗುಹೆಮನೆಯೊಂದನ್ನು ನೋಡಬೇಕು.

*

ಆಂಬ್ವಾಜ್ ಅರಮನೆಯಲ್ಲಿ 1498ರಲ್ಲಿ ಎಂಟನೇ ಶಾರ್ಲ್ ಗಿಡ್ಡ ಬಾಗಿಲೊಂದಕ್ಕೆ ತಲೆ ಹೊಡೆಸಿಕೊಂಡ, ಕೆಲವೇ ಗಂಟೆಗಳಲ್ಲಿ ಸತ್ತ. ವಯಸ್ಸು 27. ಹೊರಟಿದ್ದದ್ದು ಚೆಂಡಾಟ ನೋಡಲು.

*

ಅದೇ ಆಂಬ್ವಾಜ್‌ನಲ್ಲಿ 1848ರಿಂದ 1852ರವರೆಗೆ ಅಲ್ಜೀರಿಯಾದ ನಾಯಕ ಅಬ್ದುಲ್ ಖಾದಿರ್ ತನ್ನ ಪರಿವಾರದೊಂದಿಗೆ ಸೆರೆಯಲ್ಲಿದ್ದ. ಜೊತೆಗೆ ಬಂದವರಲ್ಲಿ ಹಲವರು ಊರಿಗೆ ಮರಳಲೇ ಇಲ್ಲ. ತೋಟದಲ್ಲಿ ಅವರ ನೆನಪಿನ ಕಲ್ಲುಗಳಿವೆ. ಅಲ್ಲೇ ಇರುವ ಲಿಯೊನಾರ್ಡೊ ಸಮಾಧಿಯ ಮುಂದೆ ಸಾಲು ನಿಲ್ಲುವ ಜನ ಈ ಕಡೆ ಬರುವುದು ಅಪರೂಪ. ಅರಮನೆಯನ್ನು ಸೆರೆಮನೆ ಮಾಡಲು ಹೊಸ ಗೋಡೆ ಬೇಕಿಲ್ಲ, ಬೀಗದ ಕೈ ಯಾರ ಬಳಿ ಇದೆ ಎಂಬುದಷ್ಟೇ ಬದಲಾಗಬೇಕು.

*

ಶೆನೊನ್ಸೊ ಅರಮನೆ ಶೆರ್ ನದಿಯನ್ನು ಅಡ್ಡಲಾಗಿ ದಾಟುತ್ತದೆ. ಅದರ ಕತೆಯೆಲ್ಲ ಹೆಂಗಸರದು. ಗಂಡ ಯುದ್ಧಕ್ಕೆ ಹೋದಾಗ ಕಟ್ಟಡದ ಕೆಲಸ ನಡೆಸಿದವಳು ಕ್ಯಾಥರೀನ್ ಬ್ರಿಸೊನೆ. ಸೇತುವೆ ಕಟ್ಟಿಸಿದವಳು ದೊರೆ ಎರಡನೇ ಆನ್ರಿಯ ಪ್ರೇಯಸಿ ದಿಯಾನ್. 1559ರಲ್ಲಿ ದೊರೆ ಸತ್ತ ಮೇಲೆ ದಿಯಾನ್‌ಳನ್ನು ಅಲ್ಲಿಂದ ಎಬ್ಬಿಸಿದವಳು ಪಟ್ಟದರಾಣಿ ಕ್ಯಾಥರೀನ್ ದ ಮೆಡಿಚಿ. ಬರಿಗೈಲಿ ಕಳಿಸಲಿಲ್ಲ, ಬದಲಿಗೆ ಶೋಮೋಂ ಅರಮನೆ ಕೊಟ್ಟಳು. ಸವತಿ ಕಟ್ಟಿಸಿದ ಸೇತುವೆಯನ್ನು ಕೆಡವಲೂ ಇಲ್ಲ. ಅದರ ಮೇಲೆಯೇ 60 ಮೀಟರ್ ಉದ್ದದ ಹಜಾರ ಎಬ್ಬಿಸಿದಳು. ಹಗೆ ಇಷ್ಟು ಉಪಯೋಗಕ್ಕೆ ಬಂದದ್ದು ಚರಿತ್ರೆಯಲ್ಲಿ ಕಡಿಮೆ.

*

ಆ ಹಜಾರ ತನ್ನ ನಿಜವಾದ ಕೆಲಸ ಮಾಡಿದ್ದು ನರ್ತನಗಳೆಲ್ಲ ಮುಗಿದ ಮೇಲೆ. ಮೊದಲನೇ ಮಹಾಯುದ್ಧದಲ್ಲಿ ಅಲ್ಲಿ ಗಾಯಾಳು ಸೈನಿಕರ ಮಂಚಗಳು ಸಾಲಾಗಿದ್ದವು. ಆಸ್ಪತ್ರೆಯ ಖರ್ಚು ನೋಡಿಕೊಂಡದ್ದು ಅರಮನೆಯ ಒಡೆಯರಾದ ಚಾಕೊಲೇಟ್ ತಯಾರಕರ ಮನೆತನ. ಎರಡನೇ ಮಹಾಯುದ್ಧದಲ್ಲಿ ಶೆರ್ ನದಿಯೇ ಗಡಿರೇಖೆಯಾಯಿತು. ಮುಂಬಾಗಿಲು ಜರ್ಮನ್ನರ ಹಿಡಿತದಲ್ಲಿದ್ದ ದಂಡೆಗೆ, ಹಜಾರದ ತುದಿಯ ಬಾಗಿಲು ಅವರ ಹಿಡಿತವಿಲ್ಲದ ಆಚೆ ದಂಡೆಗೆ. ಎಷ್ಟೋ ಜನ ಆ ಬಾಗಿಲಿನಿಂದ ದಾಟಿ ಜೀವ ಉಳಿಸಿಕೊಂಡರು. ಪ್ರವಾಸಿಗರು ಈಗ ಅದನ್ನು ದಾಟಿ ಹೋಗುವುದು ಅರಮನೆಯ ಇನ್ನೊಂದು ಬದಿಯ ಫೋಟೊಗೆ.

*

ದೊರೆಗಿಂತ ಚೆನ್ನಾಗಿ ಮನೆ ಕಟ್ಟಬಾರದು. ಹಣಕಾಸು ಮಂತ್ರಿ ನಿಕೊಲಾ ಫೂಕೆ 1661ರ ಆಗಸ್ಟ್ 17ರಂದು ತನ್ನ ಹೊಸ ಅರಮನೆ ವೋ-ಲ-ವಿಕೋಂಟ್‌ಗೆ ಹದಿನಾಲ್ಕನೇ ಲೂಯಿಯನ್ನು ಔತಣಕ್ಕೆ ಕರೆದ. ಮೂರು ವಾರದೊಳಗೆ ಸೆರೆಯಾದ, ಸಾಯುವವರೆಗೂ ಬಿಡುಗಡೆಯಿಲ್ಲ. ಅವನ ವಾಸ್ತುಶಿಲ್ಪಿ, ಚಿತ್ರಕಾರ, ತೋಟಗಾರ ಮೂವರನ್ನೂ ದೊರೆ ವರ್ಸೇಯ್ ಕೆಲಸಕ್ಕೆ ಕರೆಸಿಕೊಂಡ.

*

ಆ ವರ್ಸೇಯ್‌ಗೆ ನಮ್ಮ ಶ್ರೀರಂಗಪಟ್ಟಣದಿಂದಲೂ ಅತಿಥಿಗಳು ಹೋಗಿದ್ದರು. ಬ್ರಿಟಿಷರ ವಿರುದ್ಧ ನೆರವು ಕೇಳಲು ಟಿಪ್ಪು ಸುಲ್ತಾನ ಕಳಿಸಿದ ಮೂವರು ರಾಯಭಾರಿಗಳನ್ನು ಹದಿನಾರನೇ ಲೂಯಿ 1788ರ ಆಗಸ್ಟ್ 10ರಂದು ಬರಮಾಡಿಕೊಂಡ. ಮರ್ಯಾದೆ ಧಾರಾಳವಾಗಿ ಸಿಕ್ಕಿತು, ಸೈನ್ಯ ಸಿಗಲಿಲ್ಲ. ಕೊಡಲು ದೊರೆಯ ಬೊಕ್ಕಸದಲ್ಲಿ ಏನೂ ಇರಲಿಲ್ಲ. ಸರಿಯಾಗಿ ನಾಲ್ಕು ವರ್ಷದ ಮೇಲೆ, 1792ರ ಅದೇ ಆಗಸ್ಟ್ 10ರಂದು, ಜನ ಪ್ಯಾರಿಸ್ಸಿನ ಅರಮನೆಗೆ ನುಗ್ಗಿದರು, ದೊರೆತನ ಮುಗಿಯಿತು.

*

ವಿಲಾಂಡ್ರಿಯಲ್ಲಿ ಜನ ಬರುವುದು ತರಕಾರಿ ನೋಡಲು. ಒಂಬತ್ತು ಚೌಕ ಮಡಿಗಳಲ್ಲಿ ಕೋಸು, ಬೀಟ್‌ರೂಟ್, ಲೀಕ್‌ಗಳನ್ನು ಬಣ್ಣ ನೋಡಿ ರಂಗೋಲಿಯಂತೆ ಹಾಕಿದ್ದಾರೆ. ನೀಲಿ ಛಾಯೆಯ ಲೀಕ್ ಪಕ್ಕ ಕೆಂಪು ಕೋಸು. 1906ರಲ್ಲಿ ಈ ಅರಮನೆ ಕೊಂಡು ತೋಟವನ್ನು ಮತ್ತೆ ಎಬ್ಬಿಸಿದವರು ಸ್ಪೇನ್ ಮೂಲದ ವೈದ್ಯ ಕಾರ್ವಾಯೊ ಮತ್ತು ಅವರ ಅಮೆರಿಕನ್ ಹೆಂಡತಿ. ಫ್ರೆಂಚರ ಪರಂಪರೆ ಉಳಿಸಿದ್ದು ಹೊರಗಿನವರು ಎಂಬುದನ್ನು ಫ್ರೆಂಚರು ಅಷ್ಟಾಗಿ ಎತ್ತಿ ಹೇಳುವುದಿಲ್ಲ.

*

ಒಂದು ದಿನಕ್ಕೆ ನಾಲ್ಕು ಅರಮನೆ ತೋರಿಸುವ ಬಸ್ಸುಗಳಿವೆ. ಮೂರನೆಯದಕ್ಕೆ ಬರುವ ಹೊತ್ತಿಗೆ ಯಾವ ರಾಣಿಯ ಮಂಚ ಯಾವ ಅರಮನೆಯಲ್ಲಿತ್ತು ಎಂಬುದು ಕಲಸಿಹೋಗಿರುತ್ತದೆ. ನಾಲ್ಕನೆಯದರಲ್ಲಿ ಎಲ್ಲರೂ ಶೌಚಾಲಯ ಮತ್ತು ಕಾಫಿ ಹುಡುಕುತ್ತಾರೆ.

*

ಮಧ್ಯಾಹ್ನ ಹನ್ನೆರಡೂವರೆಗೆ ಹಳ್ಳಿ ಬಾಗಿಲು ಹಾಕಿಕೊಳ್ಳುತ್ತದೆ. ಬ್ರೆಡ್ಡಿನಂಗಡಿಯೂ ಅಷ್ಟೇ. ಎರಡು ಗಂಟೆಯವರೆಗೆ ದುಡ್ಡಿದ್ದೂ ಹಸಿದಿರಬೇಕಾದೀತು. ಬೆಳಿಗ್ಗೆಯೇ ಒಂದು ಬಗೆತ್, ಸೇಂತ್-ಮೋರ್ ಎಂಬ ಮೇಕೆಹಾಲಿನ ಚೀಸ್ ತೆಗೆದಿಟ್ಟುಕೊಳ್ಳಿ. ಅಂಗಡಿಗೆ ಕಾಲಿಟ್ಟ ಕೂಡಲೇ “ಬೊಂಜೂರ್” ಎನ್ನಿ. ಅದನ್ನು ಹೇಳದೆ ಬೆಲೆ ಕೇಳಿದವನಿಗೆ ಅಲ್ಲಿ ಮುಖ ಕೊಡುವುದಿಲ್ಲ. ಆ ಚೀಸ್ ಉರುಳೆಯ ನಡುವೆ ಒಂದು ಹುಲ್ಲಿನ ಕಡ್ಡಿ ಇರುತ್ತದೆ. ಮೆದು ಚೀಸ್ ಮುರಿಯದಿರಲೆಂದು ಇಟ್ಟದ್ದು, ಎಳೆದು ತೆಗೆದು ತಿನ್ನಿ.

*

ಲ್ವಾರ್ ನದಿ ಬೇಸಿಗೆಯಲ್ಲಿ ಮರಳದಿಣ್ಣೆಗಳ ನಡುವೆ ಸೋಮಾರಿಯಾಗಿ ಹರಿಯುತ್ತದೆ. ಅದನ್ನು ನಂಬಬೇಡಿ. ದಂಡೆಯ ಊರುಗಳ ಗೋಡೆಗಳಲ್ಲಿ 1856ರ ಪ್ರವಾಹದ ಗುರುತುಗಳು ನಮ್ಮ ತಲೆಗಿಂತ ಮೇಲೆ ಇವೆ.

*

ಹೋಗುವುದಾದರೆ ಸೆಪ್ಟೆಂಬರ್ ತಿಂಗಳ ಮೂರನೇ ವಾರಾಂತ್ಯ ನೋಡಿ ಹೋಗಿ. 1984ರಿಂದ ಫ್ರಾನ್ಸಿನಲ್ಲಿ ಆಚರಿಸುತ್ತಿರುವ ಪರಂಪರೆಯ ದಿನಗಳು ಅವು. ವರ್ಷವಿಡೀ ಮುಚ್ಚಿರುವ ಎಷ್ಟೋ ಖಾಸಗಿ ಅರಮನೆಗಳ ಬಾಗಿಲು ಆಗ ತೆರೆಯುತ್ತದೆ. ಕಾರು ಬಿಟ್ಟು ಸೈಕಲ್ ಬಾಡಿಗೆಗೆ ಹಿಡಿಯಿರಿ. ಲ್ವಾರ್ ಉದ್ದಕ್ಕೂ ಸೈಕಲ್ ದಾರಿ ಇದೆ, ಏರು ಕಡಿಮೆ. ದಿನಕ್ಕೊಂದೇ ಅರಮನೆ ಇಟ್ಟುಕೊಳ್ಳಿ. ಮಿಕ್ಕ ಹೊತ್ತು ಹಳ್ಳಿಗಳಿಗಿರಲಿ.