ಆಮಿಷ, ಪ್ರೋತ್ಸಾಹ

ಫೆಲೋಶಿಪ್ಪಿಗೆ ಕನ್ನಡದಲ್ಲಿ ನಾವು ಶಿಷ್ಯವೇತನ ಎನ್ನುತ್ತೇವೆ. ವೇತನ ದುಡಿದವರಿಗೆ ಸಲ್ಲುವುದು. ಶಿಷ್ಯ ಇನ್ನೂ ಕಲಿಯುತ್ತಿರುವವನು. ಈ ಎರಡರ ನಡುವೆ ಎಲ್ಲೋ ನನ್ನಂಥವರು ಐದು ವರ್ಷ ಬದುಕುತ್ತೇವೆ. ಸಿಎಸ್‌ಐಆರ್-ಯುಜಿಸಿ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಮನೆಬಾಡಿಗೆ ಭತ್ಯೆ ಬೇರೆ. ಅದೇ ಮೇಜಿನಲ್ಲಿ ಅದೇ ಪಿಪೆಟ್ ಹಿಡಿದು, ಆ ಪರೀಕ್ಷೆಯಲ್ಲಿ ನಾಲ್ಕು ಅಂಕ ಕಡಿಮೆ ಬಿದ್ದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ 8,000. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ಮಂದಿಗೆ ಅದೂ ಇಲ್ಲ. ಈ ಅಂತರದ ಬಗ್ಗೆ ಹಾಸ್ಟೆಲ್ಲಿನಲ್ಲಿ ರಾತ್ರಿಯಿಡೀ ವಾದಿಸುತ್ತೇವೆ. ವಾದಿಸಬೇಕಾದದ್ದೇ. ಆದರೆ ನಮ್ಮ ವಾದಕ್ಕೆ ಬಾರದ ಇನ್ನೊಂದು ಅಂತರವಿದೆ.

ನನ್ನ ವಿಷಯ ಹೆಣ್ಣುಮಕ್ಕಳ ರಕ್ತಹೀನತೆ. ಮಾದರಿ ಸಂಗ್ರಹಕ್ಕೆ ಹೂವಿನಹಡಗಲಿ ಸೀಮೆಯ ಊರುಗಳು. ತುಂಗಭದ್ರೆಯ ದಂಡೆಯ ಮಾಗಳ ನನ್ನೂರು. ಸೀರಂ ಐರನ್ ನೋಡಲು ರಕ್ತ ಬೆಳಿಗ್ಗೆ, ಬರಿಹೊಟ್ಟೆಯಲ್ಲಿ ಬೇಕು. ಮಲ್ಲಿಗೆ ಮೊಗ್ಗು ಬಿಡಿಸುವುದೂ ಬೆಳಿಗ್ಗೆಯೇ. ಐದು ಎಂ.ಎಲ್. ಕೊಟ್ಟ ಹಿರಿಯ ಹೆಂಗಸೊಬ್ಬರು ತೋಳಿಗೆ ಹತ್ತಿ ಒತ್ತಿಕೊಂಡು ಕೇಳಿದರು: "ಯವ್ವಾ, ಇದಕ್ಕ ನಿನಗ ಪಗಾರ ಕೊಡ್ತಾರೇನು?" ಕೊಡ್ತಾರವ್ವ ಅಂದೆ. "ಚಲೋ ಆತು ಬಿಡು" ಎಂದು ಹೊಲದ ಕಡೆ ನಡೆದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ ಪಾಲ್ಗೊಂಡವರಿಗೆ ಪ್ರಯಾಣದ ಖರ್ಚು, ತಪ್ಪಿದ ಕೂಲಿ ಕೊಡಬಹುದು. ಹಣ ಆಮಿಷವಾಗುವಷ್ಟು ಇರಕೂಡದು. ಕಾರಣ ನ್ಯಾಯವಾದದ್ದೇ. ಹೊಸ ಔಷಧದ ಪ್ರಯೋಗದಲ್ಲಿ ಹಸಿದವರು ಅಪಾಯ ತೂಗದೆ ಒಪ್ಪಿಬಿಟ್ಟಾರು. ಆದರೆ ನಮ್ಮ ಮೊತ್ತವನ್ನು 31,000ದಿಂದ ಏರಿಸುವಾಗ ನಾವೆಲ್ಲ ಹೂಡಿದ ವಾದವೇನು? ದುಡ್ಡಿದ್ದರೆ ಜಾಣರು ಸಂಶೋಧನೆಗೆ ಬರುತ್ತಾರೆ, ಉಳಿಯುತ್ತಾರೆ ಎಂದು. ಹಣ ನನ್ನನ್ನು ಸೆಳೆದರೆ ಪ್ರೋತ್ಸಾಹ, ಅವರನ್ನು ಸೆಳೆದರೆ ಆಮಿಷ. ಐದು ಎಂ.ಎಲ್. ರಕ್ತದಲ್ಲಿ ಅಪಾಯವೇ ಅತ್ಯಲ್ಪವಾದಾಗ ಆ ಭಯವೂ ಹೆಚ್ಚು ಉಳಿಯುವುದಿಲ್ಲ. ಬಡವರನ್ನು ಕಾಯಲು ಬಂದ ನಿಯಮ ಪ್ರಾಜೆಕ್ಟಿಗೆ ಉಳಿತಾಯವಾಗಿ ಕೂರುತ್ತದೆ. ನಾನು ಕಂಡ ಬಜೆಟ್ಟುಗಳಲ್ಲಿ ಕಿಟ್‌ಗೆ, ರಾಸಾಯನಿಕಕ್ಕೆ, ಸಮ್ಮೇಳನದ ವಿಮಾನಕ್ಕೆ ಸಾಲುಗಳಿದ್ದವು. ತಪ್ಪಿದ ಕೂಲಿಗೆ ಇರಲಿಲ್ಲ, ನಿಯಮ ಬೇಡವೆನ್ನದಿದ್ದರೂ.

ಫಲ ಮುಂದೆ ಸಮಾಜಕ್ಕೇ ಅಲ್ಲವೇ ಎನ್ನುತ್ತಾರೆ. ನಿಜ, ನಾನೂ ಅದನ್ನು ನಂಬಿಯೇ ಬಂದವಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು ಒಂದು ರೋಗಕ್ಕೂ ವೈರಸ್ಸಿಗೂ ತನ್ನ ಹೆಸರು ಕೊಟ್ಟಿತು. ಪ್ರಬಂಧಗಳು ಬಂದವು, ಲಸಿಕೆಯೂ ಬಂತು. ಶಕ್ತಿ ಸಾಲದೆಂದು ಅದು ನಿಂತಿತು. ಮಲೆನಾಡಿನಲ್ಲಿ ಮಂಗನ ಕಾಯಿಲೆ ಇನ್ನೂ ಇದೆ. ವಿಜ್ಞಾನಿಗಳು ಮೋಸ ಮಾಡಲಿಲ್ಲ, ಉತ್ತರ ಅಷ್ಟು ಕಷ್ಟದ್ದು. ಆದರೆ ಆ 'ಮುಂದೆ' ಬರುವತನಕ ನನ್ನ ವೇತನ ತಿಂಗಳ ಲೆಕ್ಕದಲ್ಲಿ ನಡೆಯುತ್ತದೆ, ಅವರ ಕಾಯುವಿಕೆ ತಲೆಮಾರಿನ ಲೆಕ್ಕದಲ್ಲಿ.

ಹಾಗೆಂದು ನನ್ನ ವೇತನ ಹೆಚ್ಚಾಯಿತು ಎನ್ನಲಾರೆ. ಬೆಂಗಳೂರಿನ ಬಾಡಿಗೆ ಗೊತ್ತಿದ್ದವರು ಹಾಗೆನ್ನುವುದಿಲ್ಲ. ಅವರ ಅರ್ಧ ದಿನದ ಕೂಲಿ ಮಾತ್ರ ಬಹುಮಾನವಲ್ಲ, ನಮ್ಮಿಂದ ಆಗಲೇ ಕಳೆದುಹೋದದ್ದು. ಅದನ್ನೂ, ಹಿಮೋಗ್ಲೋಬಿನ್ ಫಲಿತಾಂಶವನ್ನು ಅಂದೇ ಅವರ ಕೈಗೆ ಬರೆದುಕೊಡುವುದನ್ನೂ ಎರಡನೇ ಹಂತದ ಯೋಜನೆಯಲ್ಲಿ ಸೇರಿಸಿ ಕಳಿಸಿದ್ದೇನೆ. ಎರಡನೆಯದಕ್ಕೆ ನೈತಿಕ ಸಮಿತಿ ಕೂಡಲೇ ಒಪ್ಪಿತು. ಮೊದಲನೆಯದು ಆಮಿಷವಾಗದೇ ಎಂದು ಸ್ಪಷ್ಟನೆ ಕೇಳಿದೆ. ಬರೆಯುತ್ತಿದ್ದೇನೆ.