ಪೆಡರ್‌ಗೆ ಬಿದ್ದ ಮತಗಳು

ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯದ ನೈರುತ್ಯದ ಬೆಟ್ಟಗಳ ನಡುವೆ ಪೆಡರ್ ಎಂಬ ಸರೋವರವಿತ್ತು. ಅದರ ದಂಡೆಯ ಮರಳು ನಸುಗೆಂಪು. ಬೇಸಿಗೆಯ ಕೊನೆಗೆ ನೀರು ಹಿಂದೆ ಸರಿದಾಗ ಆ ದಂಡೆ ಎಷ್ಟು ಅಗಲವಾಗಿ, ಗಟ್ಟಿಯಾಗಿ ಚಾಚಿಕೊಳ್ಳುತ್ತಿತ್ತೆಂದರೆ, ಸಣ್ಣ ವಿಮಾನಗಳು ಅಲ್ಲೇ ಇಳಿಯುತ್ತಿದ್ದವು. ಜಲವಿದ್ಯುತ್ತಿಗಾಗಿ ಸರ್ಕಾರ ಅದನ್ನು ಮುಳುಗಿಸಲು ಹೊರಟಿತು. 1972ರ ಮಾರ್ಚ್‌ನಲ್ಲಿ ಹೋಬಾರ್ಟ್ ಪುರಭವನದಲ್ಲಿ ಸೇರಿದ ಜನ 'ಯುನೈಟೆಡ್ ಟಾಸ್ಮೇನಿಯಾ ಗ್ರೂಪ್' ಕಟ್ಟಿದರು. ಜಗತ್ತಿನ ಮೊದಲ ಹಸಿರು ಪಕ್ಷ ಎಂದು ಹಲವರು ಗುರುತಿಸುವುದು ಇದನ್ನೇ.

ಸುಮಾರು ಒಂದು ತಿಂಗಳಲ್ಲೇ ಚುನಾವಣೆ. ಸಿಕ್ಕಿದ್ದು ಶೇ 3.9 ಮತ, ಸ್ಥಾನ ಒಂದೂ ಇಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಸರೋವರ ಉಳಿಸಿ ಎಂದು ಕ್ಯಾನ್‌ಬೆರಾದ ಆಕಾಶದಲ್ಲಿ ಹೊಗೆಯಿಂದ ಬರೆಯಲು ಹೊರಟ ಬ್ರೆಂಡಾ ಹೀನ್, ಪೈಲಟ್ ಮ್ಯಾಕ್ಸ್ ಪ್ರೈಸ್ ಜೊತೆ ದಾರಿಯಲ್ಲೇ ಕಾಣೆಯಾದರು. ಅವರ ಟೈಗರ್ ಮಾತ್ ವಿಮಾನದ ಸುಳಿವು ಇಂದಿಗೂ ಇಲ್ಲ. ನೀರು ಏರಿತು. ಕೆಲವೇ ವರ್ಷಗಳಲ್ಲಿ ಪಕ್ಷವೂ ಕರಗಿತು.

ಆದರೆ ಅದರ ಜನ ಕರಗಲಿಲ್ಲ. 1975ರಲ್ಲಿ ಅದೇ ಪಕ್ಷದಿಂದ ಸೆನೆಟ್‌ಗೆ ನಿಂತು ಸೋತಿದ್ದ ಬಾಬ್ ಬ್ರೌನ್, ಮುಂದೆ ಫ್ರಾಂಕ್ಲಿನ್ ನದಿಯ ಅಣೆಕಟ್ಟಿನ ವಿರುದ್ಧದ ಹೋರಾಟ ಮುನ್ನಡೆಸಿದರು. 1983ರಲ್ಲಿ ಹೈಕೋರ್ಟ್ ತೀರ್ಪಿನಿಂದ ಆ ನದಿ ಉಳಿಯಿತು. ಅದೇ ವರ್ಷ ಬ್ರೌನ್ ರಾಜ್ಯದ ಶಾಸನಸಭೆಗೆ ಬಂದರು. 1989ರಲ್ಲಿ ಹಸಿರು ಶಾಸಕರು ಐವರು. 1998ರಲ್ಲಿ ಸದನವನ್ನೇ 35ರಿಂದ 25 ಸ್ಥಾನಕ್ಕೆ ಕುಗ್ಗಿಸಲಾಯಿತು. ಮತ ಹೆಚ್ಚೇನೂ ಇಳಿಯದಿದ್ದರೂ, ಆ ಹೊತ್ತಿಗಿದ್ದ ನಾಲ್ವರು ಹಸಿರು ಶಾಸಕರಲ್ಲಿ ಉಳಿದವರು ಒಬ್ಬರೇ. 2010ರಲ್ಲಿ ಮತ್ತೆ ಐವರು, ಮಂತ್ರಿಗಿರಿಯೂ ಬಂತು, 2014ರಲ್ಲಿ ಮೂವರು. ಸದನ ಮತ್ತೆ 35ಕ್ಕೆ ಹಿಗ್ಗಿದ 2024ರಲ್ಲಿ ಪುನಃ ಐವರು.

ಈ ಏರಿಳಿತ ನನ್ನನ್ನು ಕಂಗೆಡಿಸುವುದಿಲ್ಲ. ಶಾಸನಸಭೆಯದು ಇಂದು ಗೆದ್ದವರು ನಾಳೆ ಏಳಬೇಕಾದ ಕುರ್ಚಿ. ಅನಿತ್ಯವೇ ಪ್ರಜಾಪ್ರಭುತ್ವದ ಜೀವಾಳ. ಸೋತವನಿಗೆ ಇನ್ನೊಂದು ದಿನವಿದೆ ಎಂಬ ಭರವಸೆಯಿಲ್ಲದೆ ಯಾರೂ ಶಾಂತವಾಗಿ ಮನೆಗೆ ಹೋಗುವುದಿಲ್ಲ. ನನ್ನನ್ನು ಕಾಡುವುದು ಬೇರೆ. ಪೆಡರ್‌ನ ದಂಡೆಯಲ್ಲಿ ಒಂದು ಎರೆಹುಳುವಿತ್ತು. 1971ರಲ್ಲಿ ಸಂಗ್ರಹಿಸಿದ ಒಂದೇ ಒಂದು ಮಾದರಿಯಿಂದಷ್ಟೇ ವಿಜ್ಞಾನಕ್ಕೆ ಅದರ ಪರಿಚಯ. ಮುಳುಗಡೆಯ ನಂತರ ಹುಡುಕಿದರೂ ಸಿಗದೆ, ಅದನ್ನು ನಿರ್ನಾಮವಾದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಕೆಲವೇ ವರ್ಷಗಳ ಅಧಿಕಾರ ಹಿಡಿದ ಸರ್ಕಾರವೊಂದು, ಸಾವಿರಾರು ವರ್ಷಗಳಿಂದ ಅಲ್ಲಿ ಬಾಳಿದ್ದ ಜೀವದ ಲೆಕ್ಕ ಮುಗಿಸಿತು. ಅದಕ್ಕೆ ಮರುಚುನಾವಣೆಯಿಲ್ಲ. ಎಲ್ಲವೂ ನಶ್ವರ, ಹೋಗಲಿ ಬಿಡಿ ಎಂದು ಇಲ್ಲಿ ವೇದಾಂತ ಹೇಳುವುದು ನನಗೆ ಕ್ರೌರ್ಯವೆನಿಸುತ್ತದೆ. ತಾನಾಗಿ ಅಳಿಯುವುದು ಬೇರೆ, ಅಳಿಸುವುದು ಬೇರೆ.

ಅನಿತ್ಯ ಎಂಬುದು ನಿಜವಾದರೆ ಕಾಂಕ್ರೀಟಿಗೂ ಅದು ಅನ್ವಯಿಸಬೇಕು. ಮುಳುಗುಗಾರರು ಕೆಳಗಿಳಿದು ನೋಡಿದಾಗ ಹಳೆಯ ಮರಳಿನ ದಂಡೆ ತೆಳುವಾದ ಹೂಳಿನಡಿ ಹಾಗೆಯೇ ಇತ್ತು. ನೀರನ್ನು ಹೊರಬಿಟ್ಟು ಮೂಲ ಸರೋವರವನ್ನು ಮರಳಿ ಪಡೆಯಬೇಕೆಂದು, ಹಸಿರು ಪಕ್ಷವನ್ನು ಮುನ್ನಡೆಸಿದ್ದ ಕ್ರಿಸ್ಟೀನ್ ಮಿಲ್ನ್ ಮತ್ತು ಸಂಗಡಿಗರು ಕೇಳುತ್ತಿದ್ದಾರೆ. ಎರೆಹುಳು ಬಹುಶಃ ಬಾರದು. ಆದರೂ ಅವರ ಬೇಡಿಕೆ ನ್ಯಾಯವಾದದ್ದು, ಅಣೆಕಟ್ಟಿನ ಬಾಗಿಲು ತೆರೆಯಲೇಬೇಕು.