ಬೆಟ್ಟದ ಮೇಲೆ ಒಂದು ಬಾಟ್ಲಿ ನೀರು

ನಡೆಯುವುದು ನಮ್ಮ ಜನಕ್ಕೆ ಹೊಸದಲ್ಲ. ನಮ್ಮವ್ವಂದಿರು ಕೂಲಿಗೆ ನಡೆದರು, ಸೌದೆಗೆ ನಡೆದರು, ಒಂದು ಕೊಡ ನೀರಿಗೆ ಅರ್ಧ ಹರದಾರಿ ನಡೆದರು. ಆ ನಡಿಗೆಗೆ ಯಾರೂ ಹೆಸರಿಡಲಿಲ್ಲ. ಅದನ್ನೇ ಪೇಟೆಯ ಹುಡುಗರು ಬೆನ್ನಿಗೊಂದು ಚೀಲ ಕಟ್ಟಿಕೊಂಡು ರಜಾ ದಿನ ನಡೆದರೆ ಚಾರಣ ಅಂತ ಚೆಂದದ ಹೆಸರು. ನಾವು ನಾಲ್ವರು ಗೆಳೆಯರು ಕುಮಾರಪರ್ವತ ಹತ್ತಲು ಹೊರಟಾಗ ಅವ್ವ ಕೇಳಿದ್ದು ಒಂದೇ ಮಾತು: "ಅಲ್ಲೇನೈತೆ ಅಂತ ಹೋಗ್ತೀರ್ರಪ್ಪಾ?" ನಮ್ಮಲ್ಲಿ ಉತ್ತರವಿರಲಿಲ್ಲ. ಕೆಲಸವಿಲ್ಲದೆ ನಡೆಯುವುದರಲ್ಲಿ ನಮ್ಮ ಮನೆತನಕ್ಕೆ ನಾವೇ ಮೊದಲಿಗರು.

ಆದರೂ ಹೋದೆವು. ಸುಮ್ಮನೆ ನಡೆಯುವುದು ಕೂಡ ಒಂದು ಹಕ್ಕು. 1924ರಲ್ಲಿ ವೈಕಂನಲ್ಲಿ ಜನ ಹೊಡೆತ ತಿಂದು ಜೈಲಿಗೆ ಹೋದದ್ದು ಗುಡಿಯೊಳಗೆ ಹೋಗುವುದಕ್ಕಲ್ಲ, ಗುಡಿಯ ಸುತ್ತಲ ರಸ್ತೆಯಲ್ಲಿ ನಡೆಯುವುದಕ್ಕೆ. ನಾಯಿ ದನ ಓಡಾಡುವ ರಸ್ತೆ ಅದು. ನಡಿಗೆಯ ಈ ಚರಿತ್ರೆಯನ್ನು ಬೆಟ್ಟದ ಸೊಬಗು ಬರೆದ ಯಾವ ಕವಿಯೂ ನಮಗೆ ಹೇಳಿಕೊಡಲಿಲ್ಲ.

ದಾರಿ ಶುರುವಾಗುವುದು ಕುಕ್ಕೆ ಸುಬ್ರಹ್ಮಣ್ಯದಲ್ಲಿ. ಬ್ರಾಹ್ಮಣರು ಉಂಡೆದ್ದ ಎಂಜಲೆಲೆಯ ಮೇಲೆ ಮನುಷ್ಯರು ಉರುಳುತ್ತಿದ್ದ ಮಡೆಸ್ನಾನದ ಊರು ಅದು. 2017ರಲ್ಲಿ ಶಾಸನ ಸಭೆ ಅದನ್ನು ನಿಷೇಧಿಸುವ ಕಾನೂನು ಮಾಡಿತು, 2020ರಲ್ಲಿ ಅದು ಜಾರಿಗೆ ಬಂತು. ಇದೇ ಗುಡಿಯ ತೇರಿಗೆ ಕಾಡಿನ ಬೆತ್ತ ತಂದು ಬಿಗಿಯುವವರು ಮಲೆಕುಡಿಯರು. ಚಾರಣಿಗರಿಗಿಂತ ಎಷ್ಟೋ ಮೊದಲು ಈ ಬೆಟ್ಟದ ದಾರಿಗಳನ್ನು ಸವೆಸಿದ ಕಾಲು ಅವರವು. ಅವರನ್ನು ಯಾರೂ ಸಾಹಸಿಗಳು ಅನ್ನುವುದಿಲ್ಲ.

ಬೆಳಕು ಹರಿಯುತ್ತಲೇ ಹೊರಟೆವು. ಶಿಖರ 1,712 ಮೀಟರ್ ಎತ್ತರ. ಹೋಗಲು ಹನ್ನೆರಡು ಹದಿಮೂರು ಕಿಲೋಮೀಟರ್, ಬರಲು ಅಷ್ಟೇ. ಮೊದಲು ದಟ್ಟ ಕಾಡು, ಬೇರುಗಳೇ ಮೆಟ್ಟಿಲು, ಕಾಲಿಗೆ ಇಂಬಳ. ಗಿರಿಗದ್ದೆ ದಾಟಿದ ಮೇಲೆ ಕಾಡು ಮುಗಿದು ಬೋಳು ಹುಲ್ಲುಗಾವಲು. ಅಲ್ಲಿಂದ ಬಿಸಿಲಿಗೆ ಮರೆಯಿಲ್ಲ. ಕಲ್ಲುಮಂಟಪದ ಹತ್ತಿರ ಸಣ್ಣ ತೊರೆ; ಅಲ್ಲಿ ಎರಡು ಬಾಟ್ಲಿ ತುಂಬಿಸಿಕೊಂಡೆವು. ಮುಂದೆ ಶೇಷಪರ್ವತದ ನೆತ್ತಿವರೆಗೆ ಎದೆ ಒಡೆಯುವ ಏರು.

ಅಲ್ಲಿ ಎದುರಾದವನೊಬ್ಬ ಇಳಿಯುತ್ತಾ ನಗುನಗುತ್ತಾ ಅಂದ: "ನೋಡಿ, ಬೆಟ್ಟದಲ್ಲಿ ಜಾತಿ ಇಲ್ಲ, ಎಲ್ಲರ ಬೆವರೂ ಒಂದೇ." ಮಾತು ಚೆನ್ನಾಗಿತ್ತು, ಅರ್ಧ ನಂಬಿದೆವು. ಹತ್ತುತ್ತಾ ಹತ್ತುತ್ತಾ ಇನ್ನರ್ಧ ಯೋಚಿಸಿದೆವು. ಕಲ್ಲು ಹೊರುವವಳ ಬೆವರೂ ಬೆಟ್ಟ ಹತ್ತುವವನ ಬೆವರೂ ನಾಲಿಗೆಗೆ ಒಂದೇ ಉಪ್ಪು, ಸರಿ. ಆದರೆ ಬೆಟ್ಟ ಹತ್ತುವವನು ಯಾವ ಗಳಿಗೆಯಲ್ಲಾದರೂ "ಸಾಕಪ್ಪಾ" ಅಂತ ಹಿಂದಿರುಗಬಹುದು. ಕಲ್ಲು ಹೊರುವವಳು ಹಿಂದಿರುಗಿದರೆ ಸಂಜೆ ಒಲೆ ಉರಿಯುವುದಿಲ್ಲ. ಆರಿಸಿಕೊಂಡ ಕಷ್ಟಕ್ಕೂ ಹೇರಿದ ಕಷ್ಟಕ್ಕೂ ಇರುವ ಅಂತರ ಮೈಯಲ್ಲಿಲ್ಲ, ಹಿಂದಿರುಗುವ ದಾರಿಯಲ್ಲಿದೆ. ಇಷ್ಟು ತಿಳಿದೆವು ಅಂತ ಹೆಮ್ಮೆಪಡುವಷ್ಟರಲ್ಲಿ ಬೆಟ್ಟ ನಮಗೆ ಇನ್ನೊಂದು ಪರೀಕ್ಷೆ ಇಟ್ಟಿತು.

ಏರಿನ ನಡುವೆ ಒಂದು ಬಂಡೆಯ ಮೇಲೆ ನಡುವಯಸ್ಸಿನವನೊಬ್ಬ ಕೂತಿದ್ದ. ಜೊತೆಯವರು ಮುಂದೆ ಹೋಗಿಬಿಟ್ಟಿದ್ದರು. ತುಟಿ ಬಿಳಿಚಿತ್ತು, ಬಾಟ್ಲಿ ಖಾಲಿ. ನಮ್ಮಲ್ಲೊಬ್ಬ ಏನೂ ಯೋಚಿಸದೆ ನಮ್ಮ ಬಾಟ್ಲಿ ಚಾಚಿದ. ಅವನು ಈಸಿಕೊಂಡ. ಮುಚ್ಚಳ ತಿರುಗಿಸುತ್ತಾ ಊರು ಕೇಳಿದ, ಹೇಳಿದೆವು. ಓದಿದ್ದು ಎಲ್ಲಿ ಅಂದ, ಹೇಳಿದೆವು. ಯಾವ ಹಾಸ್ಟೆಲ್ಲು ಅಂದ. ಆಮೇಲೆ ದನಿ ತಗ್ಗಿಸಿ, "ನಿಮ್ಮ ಪೈಕಿ ಯಾವುದು?" ಅಂದ. ಚಳವಳಿ ನಮಗೆ ಕಲಿಸಿದ ಒಂದು ಪಾಠ ಮುಚ್ಚಿಡಬಾರದು ಎಂಬುದು. ನೆಟ್ಟಗೆ ಹೇಳಿದೆವು. ಅವನು ಬೈಯಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ತೆರೆದ ಮುಚ್ಚಳವನ್ನು ಮತ್ತೆ ಮುಚ್ಚಿದ. "ಇರ್ಲಿ, ಸ್ವಲ್ಪ ತಡೆದು ಕುಡೀತೀನಿ" ಅಂತ ಬಾಟ್ಲಿಯನ್ನು ಒಂದು ಮಾರು ದೂರದ ಕಲ್ಲಿನ ಮೇಲಿಟ್ಟ.

ನಮ್ಮಲ್ಲೊಬ್ಬನಿಗೆ ರೇಗಿತು. ಬಾಟ್ಲಿ ಎತ್ತಿಕೊಂಡು, "ನಡೀರೋ, ಇವನಿಗಿನ್ನೂ ಬಾಯಾರಿಲ್ಲ" ಅಂದ. ಉಳಿದವರು ಅವನ ಕೈ ಹಿಡಿದೆವು. ಆ ಮನುಷ್ಯನ ಎದುರೇ ಜಗಳವಾಯಿತು. ಕಡೆಗೆ ಬಾಟ್ಲಿ ಅಲ್ಲೇ ಬಿಟ್ಟು ನಾಲ್ಕು ಜನಕ್ಕೆ ಒಂದು ಬಾಟ್ಲಿಯಲ್ಲಿ ಮೇಲೆ ಹೋದೆವು.

ಶಿಖರದಲ್ಲಿ ಮಂಜು. ನೋಡಲು ಏನೂ ಇರಲಿಲ್ಲ. ಒಳ್ಳೆಯದೇ ಆಯಿತು, ಮಾತಾಡಿದೆವು. ನಮ್ಮನ್ನು ಮನುಷ್ಯರೆನ್ನದವನು ಬಾಯಾರಿದಾಗ ನಾವು ನೀರು ಕೊಡಬೇಕೆ?

ರೇಗಿದ ಗೆಳೆಯನ ವಾದ ಹೀಗಿತ್ತು: "ಇದು ಕರುಣೆಯಲ್ಲ, ಹಳೇ ಜೀತ. ಒಳ್ಳೆಯವರು ಅಂತ ಅವರ ಬಾಯಲ್ಲಿ ಅನ್ನಿಸಿಕೊಳ್ಳೋ ಚಪಲ. ಕೆರೆ ಕಾದವರ ಮಕ್ಕಳಿಗೆ ನಾವ್ಯಾಕೆ ನೀರು ಹೊತ್ಕೊಂಡು ಹೋಗ್ಬೇಕು?" ಈ ಮಾತನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಕ್ಷಮಿಸಿ ಅಂತ ಸದಾ ನಮಗೇ ಬೋಧಿಸುವ ಸಮಾಜವಿದು. ಪೆಟ್ಟು ತಿಂದವನಿಗೆ ಅಹಿಂಸೆಯ ಪಾಠ, ಹೊಡೆದವನಿಗೆ ಸನ್ಮಾನ.

ಆಗ ನಮಗೆ ನೆನಪಾದದ್ದು ಬಾಬಾಸಾಹೇಬರು ಬರೆದಿಟ್ಟ ಎಳೆತನದ ಸಂಗತಿ. 1901ರಲ್ಲಿ ಬಾಲಕ ಭೀಮರಾವ್ ಅಣ್ಣನ ಜೊತೆ ಗೋರೆಗಾಂವಿನಲ್ಲಿದ್ದ ತಂದೆಯನ್ನು ಕಾಣಲು ಹೊರಟರು. ರೈಲಿಳಿದ ಮೇಲೆ ಮೈಲಿಗೆಯ ಭಯಕ್ಕೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ದುಪ್ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಮಕ್ಕಳೇ ಗಾಡಿ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿಯಿತ್ತು, ಕುಡಿಯಲು ನೀರು ಸಿಗಲಿಲ್ಲ. ಅನ್ನ ಮುಂದಿದ್ದೂ ಮಕ್ಕಳು ಹಸಿದು ಮಲಗಿದವು. ಆ ಬಾಯಾರಿಕೆ ಹೇರಿದ್ದು. ಹಿಂದಿರುಗುವ ದಾರಿ ಆ ಮಕ್ಕಳಿಗೆ ಇರಲಿಲ್ಲ.

ಆ ಹುಡುಗ ಬೆಳೆದು 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಗೆ ಜನರೊಂದಿಗೆ ನಡೆದು ಹೋಗಿ ನೀರು ಕುಡಿದರು. ಮಹಾಡ್ ಇರುವುದೂ ಇದೇ ಸಹ್ಯಾದ್ರಿಯ ಬುಡದಲ್ಲಿ. ಕೆರೆ ಎಲ್ಲರಿಗೂ ಮುಕ್ತವೆಂದು ಅಲ್ಲಿನ ಪುರಸಭೆ ಮೊದಲೇ ಠರಾವು ಮಾಡಿತ್ತು, ಕಾಗದದಲ್ಲಿ ಮಾತ್ರ. ಇವರು ಕುಡಿದ ಮೇಲೆ ಸವರ್ಣೀಯರು 108 ಮಡಕೆ ಪಂಚಗವ್ಯ ಸುರಿದು ಕೆರೆ ಶುದ್ಧ ಮಾಡಿಕೊಂಡರು. ಹೈಕೋರ್ಟಿನಲ್ಲಿ ಗೆಲ್ಲಲು 1937ರವರೆಗೆ ಕಾಯಬೇಕಾಯಿತು.

ಗೆಳೆಯರೇ, ಮಹಾಡ್ ಕೇಳಿದ್ದೇನು? ನಮಗೆ ನೀರು ಕೊಡಿ ಅಂತಲ್ಲ. ನೀರು ಕೊಡುವ ಅಥವಾ ಕೊಡದಿರುವ ಅಧಿಕಾರ ಯಾರಿಗೂ ಇಲ್ಲ ಅಂತ. ಇದನ್ನು ಒಪ್ಪಿದವರು ನಾವಾದರೆ ನಮ್ಮ ಬಾಟ್ಲಿಗೂ ಅದೇ ನ್ಯಾಯ. ತೊರೆ ನಮ್ಮದಲ್ಲ, ಬಾಟ್ಲಿ ಹೊತ್ತ ದುಡಿಮೆ ಮಾತ್ರ ನಮ್ಮದು. ಹೊತ್ತ ಕೂಲಿಯನ್ನು ನಾವು ಬಿಟ್ಟುಕೊಡಬಹುದು, ಹೊತ್ತವರ ಹೆಸರನ್ನು ಬಿಟ್ಟುಕೊಡಲಾಗದು. ಆದ್ದರಿಂದ ನೀರನ್ನೂ ಕೊಡಬೇಕು, ನಾವು ಯಾರೆಂಬುದನ್ನೂ ಹೇಳಬೇಕು. ಕೈಗೆ ನೀರು ಬಂದ ಗಳಿಗೆಯಿಂದ ಅವನ ಬಾಯಾರಿಕೆ ಅವನೇ ಆರಿಸಿಕೊಂಡದ್ದು. ಬಾಟ್ಲಿ ಕಿತ್ತುಕೊಂಡರೆ ಅದು ಹೇರಿದ್ದಾಗುತ್ತದೆ, ಹೇರಿದವರು ನಾವಾಗುತ್ತೇವೆ. ಕೆರೆಯ ಏರಿಯ ಮೇಲೆ ದೊಣ್ಣೆ ಹಿಡಿದು ನಿಲ್ಲುವ ಸರದಿ ನಮಗೆ ಬರಲಿ ಅಂತ ನಾವು ಹೋರಾಡುತ್ತಿಲ್ಲ.

ಗೆಳೆಯ ಎಲ್ಲ ಕೇಳಿಸಿಕೊಂಡ. "ಕೊಟ್ಟದ್ದು ಸರಿ ಅಂತಲೇ ಇಟ್ಕೊಳ್ಳಾನ. ಬಿಟ್ಟು ಬಂದದ್ದು ತಪ್ಪು" ಅಂದ. "ನಾವು ಅಲ್ಲೇ ನಿಂತಿದ್ರೆ ಅವನು ನಮ್ಮ ಕಣ್ಣೆದುರು ಕುಡೀಬೇಕಿತ್ತು, ಇಲ್ಲಾ ನಮ್ಮ ಕಣ್ಣೆದುರು ಬಾಯಾರಬೇಕಿತ್ತು. ನಾವು ಎದ್ದು ಬಂದ್ವಿ. ಈಗ ಅವನು ಗುಟ್ಟಾಗಿ ಕುಡಿದು, ಕೆಳಗೆ ಹೋಗಿ ಕುಡೀಲಿಲ್ಲ ಅಂತಾನೆ. ನಾವು ಅವನಿಗೆ ನೀರು ಕೊಡ್ಲಿಲ್ಲ ಕಣ್ರೋ, ಅವನ ಜಾತಿಗೊಂದು ಮರೆ ಕೊಟ್ವಿ."

ಇದಕ್ಕೆ ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಅವಮಾನಿಸಿದವನೇ ಮುಜುಗರಪಡದ ಹಾಗೆ ನೋಡಿಕೊಳ್ಳುವ ಸೌಜನ್ಯ ನಮ್ಮ ರಕ್ತಕ್ಕೆ ಯಾರು ಬೆರೆಸಿದರು? ಓದು ಬಂದರೂ ಅದು ಹೋಗಿಲ್ಲ; ಓದಿನ ಜೊತೆ ಇನ್ನಷ್ಟು ನಯವಾಗಿದೆ ಅಷ್ಟೆ.

ಇಳಿಯುವಾಗ ಆ ಬಂಡೆಯ ಹತ್ತಿರ ನಿಂತೆವು. ಅವನಿರಲಿಲ್ಲ. ಬಾಟ್ಲಿ ಇಟ್ಟಲ್ಲೇ ಇತ್ತು, ಖಾಲಿಯಾಗಿ. ಸುತ್ತಲ ಹುಲ್ಲು ಮಂಜಿಗೆ ಒದ್ದೆಯಾಗಿತ್ತು. ಕುಡಿದನೋ ಚೆಲ್ಲಿದನೋ ತಿಳಿಯುವ ದಾರಿಯಿರಲಿಲ್ಲ. ರೇಗಿದ್ದ ಗೆಳೆಯನೇ ಬಾಟ್ಲಿ ಎತ್ತಿಕೊಂಡ. ಕಲ್ಲುಮಂಟಪದ ತೊರೆಯಲ್ಲಿ ತೊಳೆದು ತುಂಬಿಸಿ, ಮೊದಲು ನಮಗೆ ಕೊಟ್ಟ, ಆಮೇಲೆ ತಾನು ಕುಡಿದ.

ಅವ್ವನಿಗೆ ಈಗ ಹೇಳಲು ಒಂದು ಮಾತಿದೆ. ಅಲ್ಲಿ ನೀರೈತೆ ಕಣವ್ವ. ಯಾರದೂ ಅಲ್ಲದ ನೀರು. ಮುಂದಿನ ಸಲ ಯಾರಾದರೂ ಬಾಯಾರಿ ಕೂತಿದ್ದರೆ ಕೊಡುತ್ತೇವೆ, ಕೇಳಿದರೆ ಯಾರೆಂದು ಹೇಳುತ್ತೇವೆ. ಆದರೆ ಅಷ್ಟಕ್ಕೇ ಎದ್ದು ಬರುವುದಿಲ್ಲ. ಅಲ್ಲೇ ನಿಂತಿರುತ್ತೇವೆ.